ಸೈಕಲ್ ಪೆಡಲಿನ ಆಯುಸ್ಸು

ಸೈಕಲ್ಲನ್ನು ಇಟ್ಟುಕೊಂಡವರು ಟೈರಿಗೆ ಗಾಳಿ ತುಂಬಿಸುವರು, ಸರಪಣಿಗೆ ಎಣ್ಣೆ ಬಿಡುವರು, ಬ್ರೇಕು ಸಡಿಲವಾದರೆ ಬಿಗಿ ಮಾಡಿಸುವರು. ತಮ್ಮ ಅಂಗಾಲಿನ ಕೆಳಗೇ ಇರುವ ಪೆಡಲಿನ ಯೋಗಕ್ಷೇಮವನ್ನು ವಿಚಾರಿಸುವವರು ಮಾತ್ರ ವಿರಳ. ಸವಾರನ ಕಾಲಿನ ಶಕ್ತಿಯೆಲ್ಲವೂ ಯಂತ್ರವನ್ನು ಪ್ರವೇಶಿಸುವ ಹೆಬ್ಬಾಗಿಲು ಅದೇ ಎಂಬುದು ನಮ್ಮ ಅರಿವಿಗೆ ಬರುವುದು ಅದು ಕೆಟ್ಟಾಗ.

ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಒಂದು ಜೊತೆ ಪೆಡಲುಗಳನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ಪ್ರಯೋಗಶಾಲೆಗೆ ಬಂದನು. ಅವು ಪಂದ್ಯದ ಸೈಕಲ್ಲುಗಳಲ್ಲಿ ಬಳಸುವ, ಬೂಟಿನ ಅಡಿಯನ್ನು ಕಚ್ಚಿ ಹಿಡಿಯುವ ಬಗೆಯವು. ಮನೆಯಲ್ಲಿ ಬೇಡಿ ಪಡೆದ ಹಣದಿಂದ ಕೊಂಡು ಒಂದೂವರೆ ವರ್ಷವಷ್ಟೇ ಕಳೆದಿತ್ತು. ಬಲಗಡೆಯ ಪೆಡಲು ತುಳಿತುಳಿತಕ್ಕೂ ಕಟಕಟನೆ ಸದ್ದು ಮಾಡುತ್ತಿತ್ತು. ಕೈಯಲ್ಲಿ ಹಿಡಿದು ತಿರುಗಿಸಿದರೆ ಒಳಗೆ ಯಾರೋ ಮರಳನ್ನು ಅರೆಯುತ್ತಿರುವಂತೆ ಭಾಸವಾಗುತ್ತಿತ್ತು. “ನನ್ನ ತೂಕ ಎಂಬತ್ತೈದು ಕಿಲೋ, ಸಾರ್. ಅದರಿಂದಲೇ ಬೇರಿಂಗು ಹೋಯಿತೆಂದು ಎಲ್ಲರೂ ಹೇಳುತ್ತಾರೆ. ಮುಂದಿನ ತಿಂಗಳು ಇನ್ನೂರು ಕಿಲೋಮೀಟರಿನ ಸವಾರಿಗೆ ಹೆಸರು ಕೊಟ್ಟಿದ್ದೇನೆ. ಇವುಗಳನ್ನು ನಂಬಿ ಹೋಗಬಹುದೇ? ನಮ್ಮ ತಾತನ ಸೈಕಲ್ಲಿನ ರಬ್ಬರ್ ಪೆಡಲು ಇಂದಿಗೂ ತಿರುಗುತ್ತಿದೆಯಲ್ಲ!” ಎಂದನು. ಪಾದವನ್ನು ಪೆಡಲಿಗೆ ಬಂಧಿಸಿಕೊಂಡು ಇಳಿಜಾರಿನಲ್ಲಿ ಹೋಗುವವನಿಗೆ ಇದು ಸಾಮಾನ್ಯವಾದ ಪ್ರಶ್ನೆಯಲ್ಲ.

ಮೊದಲು ಈ ಪೆಡಲಿನ ಪರಿಚಯವನ್ನು ಮಾಡಿಕೊಳ್ಳೋಣ. ಹಿಂದೆ ಪಂದ್ಯದ ಸವಾರರು ಪಾದವು ಜಾರದಂತೆ ಪೆಡಲಿನ ಮುಂಭಾಗದಲ್ಲಿ ಉಕ್ಕಿನ ಒಂದು ಪಂಜರವನ್ನು ಇಟ್ಟು, ಅದಕ್ಕೆ ಚರ್ಮದ ಪಟ್ಟಿಯನ್ನು ಸೇರಿಸಿ ಬಿಗಿದುಕೊಳ್ಳುತ್ತಿದ್ದರು. ಆ ಪಂಜರಕ್ಕೆ ಟೋ ಕ್ಲಿಪ್ಪು ಎಂದು ಹೆಸರು. ಅದು ಇಲ್ಲದ ಹೊಸ ಪೆಡಲಿಗೆ ‘ಕ್ಲಿಪ್‌ಲೆಸ್’ ಎಂಬ ಹೆಸರು ಬಂದಿತು. ಬೂಟನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ವಸ್ತುವಿಗೇ ಕ್ಲಿಪ್ಪಿಲ್ಲದ್ದೆಂದು ಕರೆಯುವ ಈ ವಿನೋದಕ್ಕೆ ಕಾರಣ ಇದೇ. ೧೯೭೦ರ ದಶಕದ ಆರಂಭದಲ್ಲಿ ಇಟಲಿಯ ಚಿನೆಲ್ಲಿ ಸಂಸ್ಥೆಯು ಇಂಥದೊಂದನ್ನು ತಯಾರಿಸಿತಾದರೂ ಕಾಲನ್ನು ಬಿಡಿಸಿಕೊಳ್ಳಲು ಸವಾರನು ಬಗ್ಗಿ ಕೈಯಿಂದಲೇ ಸನ್ನೆಯನ್ನು ಎಳೆಯಬೇಕಾಗಿತ್ತು. ಬೀಳುವ ಹೊತ್ತಿನಲ್ಲಿ ಅಷ್ಟು ವ್ಯವಧಾನ ಯಾರಿಗಿದ್ದೀತು? ಹಿಮಜಾರಾಟದ ಬೂಟುಗಳಿಗೆ ಬಿಗಿಕೊಂಡಿಗಳನ್ನು ಮಾಡುತ್ತಿದ್ದ ಫ್ರಾನ್ಸಿನ ಲುಕ್ ಸಂಸ್ಥೆಯು ೧೯೮೪ರಲ್ಲಿ ಆ ತಂತ್ರವನ್ನೇ ಸೈಕಲ್ಲಿಗೆ ಅಳವಡಿಸಿತು. ಬೂಟಿನ ಅಡಿಗೆ ಕ್ಲೀಟು ಎಂಬ ತುಂಡೊಂದನ್ನು ತಿರುಪುಗಳಿಂದ ಕೂಡಿಸಲಾಗುವುದು. ತುಳಿದೊಡನೆ ಪೆಡಲಿನ ಸ್ಪ್ರಿಂಗು ಅದನ್ನು ಹಿಡಿಯುವುದು. ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಬಿಡುವುದು. ೧೯೮೫ರಲ್ಲಿ ಬರ್ನಾರ್ ಹಿನೋ ಎಂಬ ಸವಾರನು ಇದನ್ನು ತೊಟ್ಟು ಟೂರ್ ದ ಫ್ರಾನ್ಸ್ ಪಂದ್ಯವನ್ನು ಗೆದ್ದ ಮೇಲೆ ಚರ್ಮದ ಪಟ್ಟಿಯ ಕಾಲ ಮುಗಿಯುತ್ತ ಬಂದಿತು. ೧೯೯೦ರಲ್ಲಿ ಜಪಾನಿನ ಶಿಮಾನೊ ಸಂಸ್ಥೆಯು ಗುಡ್ಡಗಾಡಿನ ಸವಾರರಿಗಾಗಿ ಉಕ್ಕಿನ ಚಿಕ್ಕ ಕ್ಲೀಟಿನ ಪೆಡಲನ್ನು ಹೊರತಂದಿತು.

ಕಚ್ಚುವ ಕೊಂಡಿ ಹೇಗೇ ಇರಲಿ, ಪೆಡಲಿನ ಹೃದಯವೆನ್ನಬಹುದಾದುದು ಅದರ ಅಚ್ಚು ಮತ್ತು ಬೇರಿಂಗು. ಅಚ್ಚಿನ ಒಂದು ತುದಿಯನ್ನು ಕ್ರಾಂಕಿಗೆ ತಿರುಪಿನಂತೆ ಸೇರಿಸಿರುವುದು. ಇನ್ನೊಂದು ತುದಿಗೆ ಯಾವ ಆಸರೆಯೂ ಇಲ್ಲ. ಗೋಡೆಯಿಂದ ಚಾಚಿದ ಗೂಟದ ಮೇಲೆ ಚೀಲವನ್ನು ತೂಗುಹಾಕಿದಂತೆ ಸವಾರನ ಭಾರವು ಅದರ ಮೇಲೆ ಬೀಳುವುದು. ಆ ಅಚ್ಚಿನ ಸುತ್ತ ಪೆಡಲಿನ ಒಡಲು ಸುತ್ತಬೇಕು. ಜಾಗವೋ ಅತಿ ಸಂಕುಚಿತ. ಬೂಟು ಅಚ್ಚಿಗೆ ಹತ್ತಿರವಾಗಿರಲೆಂದು ಒಡಲನ್ನು ತೆಳ್ಳಗೆ ಮಾಡುವರು; ತೆಳ್ಳಗಾದಷ್ಟೂ ಒಳಗಿನ ಉಕ್ಕಿನ ಗುಂಡುಗಳು ಸಣ್ಣವಾಗಬೇಕಾಗುವುದು. ಈ ಇಕ್ಕಟ್ಟಿನಿಂದ ಪಾರಾಗಲು ಅನೇಕ ತಯಾರಕರು ಒಂದು ಕಡೆ ಗುಂಡುಗಳನ್ನೂ ಇನ್ನೊಂದು ಕಡೆ ಕಡ್ಡಿಯಂಥ ಸಣ್ಣ ಉರುಳೆಗಳನ್ನೂ ಇಡುವರು. ಎರಡನೆಯದಕ್ಕೆ ಸೂಜಿ ಬೇರಿಂಗು ಎನ್ನುವರು. ಗುಂಡು ಒಂದು ಬಿಂದುವಿನಲ್ಲಿ ಭಾರವನ್ನು ಹೊತ್ತರೆ ಸೂಜಿಯು ಒಂದು ಗೆರೆಯುದ್ದಕ್ಕೂ ಹೊರುವುದು.

ಸೈಕಲ್ಲಿಗೂ ಗುಂಡಿನ ಬೇರಿಂಗಿಗೂ ಇರುವ ನಂಟು ಬಹು ಹಳೆಯದು. ೧೮೬೯ರ ಪ್ಯಾರಿಸ್–ರೂಆನ್ ಪಂದ್ಯದಲ್ಲಿ ಗೆದ್ದ ಜೇಮ್ಸ್ ಮೂರನ ಗಾಡಿಯಲ್ಲಿ ಜೂಲ್ ಸುರಿರೇ ಎಂಬಾತನು ಅದೇ ವರ್ಷ ಪೇಟೆಂಟು ಪಡೆದ ಗುಂಡಿನ ಬೇರಿಂಗುಗಳಿದ್ದುವು. ಗುಂಡುಗಳನ್ನೆಲ್ಲ ಒಂದೇ ಅಳತೆಗೆ ಉಜ್ಜುವ ಯಂತ್ರವನ್ನು ಜರ್ಮನಿಯ ಷ್ವೈನ್‌ಫುರ್ಟ್ ಪಟ್ಟಣದ ಫ್ರೀಡ್ರಿಕ್ ಫಿಷರನು ೧೮೮೩ರಲ್ಲಿ ನಿರ್ಮಿಸಿದನು. ಒಂದು ಗುಂಡು ಉಳಿದವುಗಳಿಗಿಂತ ಕೂದಲೆಳೆಯಷ್ಟು ದಪ್ಪವಾಗಿದ್ದರೂ ಭಾರವೆಲ್ಲ ಅದರ ತಲೆಯ ಮೇಲೆಯೇ ಬೀಳುವುದೆಂಬುದನ್ನು ನೆನೆದರೆ ಈ ಯಂತ್ರದ ಮಹತ್ವವು ತಿಳಿಯುವುದು.

ಗುಂಡು ಮತ್ತು ಅದು ಉರುಳುವ ಹಾದಿ ಇವೆರಡೂ ಸೇರುವೆಡೆಯಲ್ಲಿ ಏನಾಗುವುದೆಂಬುದನ್ನು ಮೊದಲು ಗಣಿತದಿಂದ ತೋರಿಸಿಕೊಟ್ಟವನು ಹೈನ್‌ರಿಕ್ ಹರ್ಟ್ಸ್. ಹೌದು, ಮುಂದೆ ರೇಡಿಯೋ ಅಲೆಗಳನ್ನು ಕಂಡುಹಿಡಿದ ಹರ್ಟ್ಸನೇ. ೧೮೮೧ರಲ್ಲಿ, ಇನ್ನೂ ಇಪ್ಪತ್ನಾಲ್ಕರ ತರುಣನಾಗಿದ್ದಾಗ, ಗಾಜಿನ ಮಸೂರಗಳನ್ನು ಒಂದಕ್ಕೊಂದು ಒತ್ತಿದಾಗ ಅವು ಎಷ್ಟು ಚಪ್ಪಟೆಯಾಗುವುವೆಂಬ ವಿಚಾರದಿಂದ ಹೊರಟು ಅವನು ಈ ಸಿದ್ಧಾಂತವನ್ನು ಮುಟ್ಟಿದನು. ಅದರ ಪ್ರಕಾರ ಗುಂಡು ತಾಗುವುದು ಬಿಂದುವಿನಲ್ಲಲ್ಲ. ಉಕ್ಕು ಕೊಂಚ ಚಪ್ಪಟೆಯಾಗಿ ಕೂದಲಿನಷ್ಟು ಅಗಲದ ಮಚ್ಚೆಯೊಂದು ಉಂಟಾಗುವುದು. ಆ ಮಚ್ಚೆಯ ಮೇಲೆ ಚದರ ಮಿಲಿಮೀಟರಿಗೆ ನೂರು ಕಿಲೋಗ್ರಾಮಿಗೂ ಮೀರಿದ ಒತ್ತಡ ಬೀಳಬಹುದು. ಪ್ರತಿ ಸುತ್ತಿಗೂ ಉಕ್ಕಿನ ಒಂದೊಂದು ಕಣವೂ ಹೀಗೆ ಒತ್ತಿಸಿಕೊಂಡು ಮತ್ತೆ ಬಿಡುಗಡೆ ಪಡೆಯುತ್ತ ಕೊನೆಗೊಮ್ಮೆ ಬಳಲುವುದು. ಮೇಲ್ಮೈಯ ಕೆಳಗೆ ಬಿರುಕು ಹುಟ್ಟಿ ಚಕ್ಕೆಯೇಳುವುದು. ಇದಕ್ಕೆ ಲೋಹದ ಬಳಲಿಕೆ ಎನ್ನುವರು.

ಈ ಬಳಲಿಕೆ ಎಷ್ಟು ಸುತ್ತುಗಳಾದ ಮೇಲೆ ಬರುವುದು? ಸ್ವೀಡನ್ನಿನ ಆರ್ವಿಡ್ ಪಾಲ್ಮ್‌ಗ್ರೆನ್ ೧೯೨೪ರಲ್ಲಿ ಇದಕ್ಕೊಂದು ನಿಯಮವನ್ನು ಕೊಟ್ಟನು. ಗುಂಡಿನ ಬೇರಿಂಗಿನ ಮೇಲಣ ಭಾರವನ್ನು ಅರ್ಧಕ್ಕಿಳಿಸಿದರೆ ಅದರ ಆಯುಸ್ಸು ಎರಡು ಪಟ್ಟಲ್ಲ, ಎಂಟು ಪಟ್ಟು ಹೆಚ್ಚುವುದು. ಅಂದರೆ ಆಯುಸ್ಸು ಭಾರದ ಘನಕ್ಕೆ ವಿಲೋಮ ಪ್ರಮಾಣದಲ್ಲಿರುವುದು. ಪ್ರತಿಯೊಂದು ಬೇರಿಂಗಿಗೂ ತಯಾರಕರು ಒಂದು ಸಾಮರ್ಥ್ಯದ ಅಂಕಿಯನ್ನು ಕೊಡುವರು. ಆ ಭಾರವನ್ನು ಹೊತ್ತರೆ ನೂರರಲ್ಲಿ ತೊಂಬತ್ತು ಬೇರಿಂಗುಗಳು ಹತ್ತು ಲಕ್ಷ ಸುತ್ತುಗಳನ್ನು ಪೂರೈಸುವುವೆಂದು ಅದರ ಅರ್ಥ.

ವಿದ್ಯಾರ್ಥಿಯನ್ನು ಕರಿಹಲಗೆಯ ಬಳಿ ನಿಲ್ಲಿಸಿ ಲೆಕ್ಕ ಮಾಡಿಸಿದೆನು. ವಾಚಕರೂ ಮಾಡಿ ನೋಡಬಹುದು. ಪೆಡಲಿನಲ್ಲಿರುವ ಚಿಕ್ಕ ಬೇರಿಂಗಿನ ಸಾಮರ್ಥ್ಯವನ್ನು ಧಾರಾಳತನವಿಲ್ಲದೆ ೧,೨೦೦ ನ್ಯೂಟನ್ ಎಂದಿಟ್ಟುಕೊಳ್ಳೋಣ. ಸವಾರನು ಕುಳಿತು ತುಳಿಯುವಾಗ ಅದರ ಮೇಲೆ ಎಡೆಬಿಡದೆ ೩೦೦ ನ್ಯೂಟನ್, ಎಂದರೆ ಸುಮಾರು ೩೦ ಕಿಲೋಗ್ರಾಂ ಭಾರ ಬೀಳುವುದೆಂದು ಭಾವಿಸೋಣ. ವಾಸ್ತವದಲ್ಲಿ ಅರ್ಧ ಸುತ್ತಿನಲ್ಲಿ ಮಾತ್ರ ಭಾರವಿರುವುದರಿಂದ ಈ ಎಣಿಕೆ ಬೇರಿಂಗಿನ ಪಾಲಿಗೆ ಕಠಿಣವಾದದ್ದೇ. ೧,೨೦೦ನ್ನು ೩೦೦ರಿಂದ ಭಾಗಿಸಿದರೆ ೪. ಅದರ ಘನ ೬೪. ಆದುದರಿಂದ ಆಯುಸ್ಸು ೬೪೦ ಲಕ್ಷ ಸುತ್ತುಗಳು. ನಿಮಿಷಕ್ಕೆ ೮೦ ತುಳಿತ, ಗಂಟೆಗೆ ೨೦ ಕಿಲೋಮೀಟರ್ ವೇಗ ಎಂದರೆ ಕಿಲೋಮೀಟರಿಗೆ ೨೪೦ ಸುತ್ತು. ಭಾಗಿಸಿದರೆ ೨,೬೬,೦೦೦ ಕಿಲೋಮೀಟರಿಗೂ ಹೆಚ್ಚು ದೂರ ಬರುವುದು. ಭೂಮಿಯನ್ನು ಆರೂವರೆ ಸಲ ಸುತ್ತಬಹುದು! ಭಾರವನ್ನು ಎರಡು ಪಟ್ಟು ಮಾಡಿದರೂ ೩೩,೦೦೦ ಕಿಲೋಮೀಟರು ಉಳಿಯುವುದು. ನಮ್ಮ ಹುಡುಗನು ತುಳಿದಿದ್ದುದು ಎಲ್ಲ ಸೇರಿ ಆರು ಸಾವಿರವಿದ್ದೀತು.

ಹಾಗಾದರೆ ತೂಕದ ಮೇಲೆ ಹೊರಿಸಿದ ಅಪವಾದವು ನಿಲ್ಲುವುದಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಚಕ್ರದ ಗುಂಬವು ಕಿಲೋಮೀಟರಿಗೆ ೪೭೦ಕ್ಕೂ ಹೆಚ್ಚು ಸುತ್ತು ತಿರುಗುವುದು, ಪೆಡಲಿಗಿಂತ ಸುಮಾರು ಎರಡು ಪಟ್ಟು. ಆದರೂ ಪೆಡಲೇ ಮೊದಲು ಸೋಲುವುದುಂಟು. ಗುಂಬದ ಗುಂಡುಗಳು ದೊಡ್ಡವೆಂಬುದು ಅರ್ಧ ಉತ್ತರ ಮಾತ್ರ.

ಉಳಿದರ್ಧವು ದೊರೆಯುವುದು ಪೆಡಲಿನ ವಾಸಸ್ಥಾನದಲ್ಲಿ. ಕ್ರಾಂಕು ಕೆಳಕ್ಕೆ ಬಂದಾಗ ಪೆಡಲು ನೆಲದಿಂದ ಒಂದು ಗೇಣಿಗೂ ಕಡಿಮೆ ಎತ್ತರದಲ್ಲಿರುವುದು, ಅದೂ ಮುಂದಿನ ಚಕ್ರವು ಎರಚುವ ಕೆಸರಿನ ಹಾದಿಯಲ್ಲಿಯೇ. ಬೇರಿಂಗಿನೊಳಗೆ ಗುಂಡಿಗೂ ಹಾದಿಗೂ ನಡುವೆ ಕೀಲೆಣ್ಣೆಯ ಒಂದು ಪೊರೆಯಿರಬೇಕಷ್ಟೆ. ವೇಗವಾಗಿ ತಿರುಗುವ ಯಂತ್ರಗಳಲ್ಲಿ ಗುಂಡು ತನ್ನ ವೇಗದಿಂದಲೇ ಎಣ್ಣೆಯನ್ನು ಒಳಕ್ಕೆಳೆದು ಪೊರೆಯನ್ನು ದಪ್ಪವಾಗಿಸಿಕೊಳ್ಳುವುದು. ನಿಮಿಷಕ್ಕೆ ಎಂಬತ್ತೇ ಸುತ್ತು ತಿರುಗುವ ಪೆಡಲಿಗೆ ಆ ಭಾಗ್ಯವಿಲ್ಲ. ಅದರ ಪೊರೆಯು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗವನ್ನು ಮೀರುವುದು ಕಷ್ಟ. ರಸ್ತೆಯ ಧೂಳಿನ ನುಣ್ಣನೆಯ ಕಣವೂ ಆ ಪೊರೆಗಿಂತ ಹತ್ತಾರು ಪಟ್ಟು ದಪ್ಪ. ಆ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಹೇರಳವಾಗಿರುವುದು. ಬೆಣಚು ಬೇರಿಂಗಿನ ಉಕ್ಕಿಗಿಂತಲೂ ಗಡುಸು. ಒಂದು ಕಣ ಒಳಹೊಕ್ಕರೆ ಗುಂಡು ಅದರ ಮೇಲೆ ಉರುಳಿ ಹಾದಿಯಲ್ಲಿ ಗುಳಿ ಮಾಡುವುದು, ಗುಳಿಯ ಅಂಚು ಮುಂದಿನ ಗುಂಡನ್ನು ಗೀರುವುದು, ಗೀರಿನಿಂದೆದ್ದ ಲೋಹದ ಪುಡಿಯು ತಾನೂ ಅರೆಯತೊಡಗುವುದು.

ನೀರು ಇದಕ್ಕೆ ಸಹಾಯಕ. ಸಾಮಾನ್ಯ ಬೇರಿಂಗಿನ ಉಕ್ಕಿನಲ್ಲಿ ಶೇಕಡಾ ಒಂದೂವರೆಯಷ್ಟು ಮಾತ್ರ ಕ್ರೋಮಿಯಂ ಇರುವುದು. ತುಕ್ಕನ್ನು ತಡೆಯಲು ಅದರ ಏಳೆಂಟು ಪಟ್ಟಾದರೂ ಬೇಕು. “ಮುಚ್ಚಿದ ಬೇರಿಂಗಿನೊಳಕ್ಕೆ ನೀರು ಹೋಗುವುದಾದರೂ ಹೇಗೆ?” ಎಂದು ಕೆಲವರು ಕೇಳುವರು. ಬಿಸಿಲಿನಲ್ಲಿ ನಿಂತ ಕಪ್ಪು ಪೆಡಲು ೫೦ ಡಿಗ್ರಿ ಕಾಯ್ದಿರುವಾಗ ಮಳೆ ಬಂದು ೨೫ ಡಿಗ್ರಿಗೆ ಇಳಿಯಿತೆನ್ನಿ. ಒಳಗಿನ ಗಾಳಿಯ ಒತ್ತಡವು ಶೇಕಡಾ ಏಳೆಂಟು ಕುಗ್ಗುವುದು. ಇದು ಪದವಿಪೂರ್ವ ತರಗತಿಯ ಅನಿಲ ನಿಯಮವೇ. ಹೊರಗಿನ ಗಾಳಿ ಒಳನುಗ್ಗಲು ತವಕಿಸುವಾಗ ರಬ್ಬರ್ ಸೀಲಿನ ತುಟಿಯ ಮೇಲೆ ನಿಂತಿರುವುದು ನೀರಾದರೆ ಅದನ್ನೇ ಒಳಗೆಳೆದುಕೊಳ್ಳುವುದು. ಪೆಡಲು ಹೀಗೆ ಉಸಿರಾಡುವುದು. ಸೀಲನ್ನು ಇನ್ನೂ ಬಿಗಿ ಮಾಡಬಹುದಲ್ಲ ಎಂದರೆ ಘರ್ಷಣೆ ಹೆಚ್ಚುವುದು. ತಯಾರಕನು ಎರಡರ ನಡುವೆ ಎಲ್ಲಿಯಾದರೂ ನಿಲ್ಲಲೇಬೇಕು. ನಮ್ಮ ಹುಡುಗನಾದರೋ ಮಳೆಗಾಲದುದ್ದಕ್ಕೂ ಪ್ರತಿ ಭಾನುವಾರ ಸೈಕಲ್ಲನ್ನು ಮೋಟಾರು ತೊಳೆಯುವ ಅಂಗಡಿಗೊಯ್ದು ರಭಸದ ನೀರನ್ನು ಹಾಯಿಸುತ್ತಿದ್ದನಂತೆ. ಅಷ್ಟು ಆಸ್ಥೆಯಿಂದ ತೊಳೆಯದಿದ್ದರೆ ಬಹುಶಃ ಪೆಡಲು ಇನ್ನೂ ಬಾಳುತ್ತಿತ್ತು.

ಅವನ ಪೆಡಲನ್ನು ಬಿಚ್ಚಿದಾಗ ಗ್ರೀಸು ಕಂದುಬಣ್ಣದ ಕೆಸರಾಗಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಭೂತಗನ್ನಡಿಯಲ್ಲಿ ನೋಡಿದಾಗ ಹುಡುಗನಿಗೆ ಆಶ್ಚರ್ಯ ಕಾದಿತ್ತು. ಅಚ್ಚಿನ ಮೇಲೆ ಗುಂಡುಗಳು ಉರುಳುವ ಕೋನಿನಲ್ಲಿ ಒಂದು ಪಕ್ಕವು ಸಿಡುಬಿನ ಕಲೆಗಳಂತೆ ಗುಳಿಬಿದ್ದಿತ್ತು. ಎದುರು ಪಕ್ಕವು ಕನ್ನಡಿಯಂತೆ ಹೊಳೆಯುತ್ತಿತ್ತು. ಸುತ್ತಲೂ ತಿರುಗುವ ವಸ್ತು ಒಂದೇ ಪಕ್ಕ ಸವೆಯುವುದೇಕೆ?

ಅಚ್ಚು ಕ್ರಾಂಕಿಗೆ ಬಿಗಿದಿರುವುದರಿಂದ ಅದರೊಡನೆಯೇ ತಿರುಗುವುದು. ಕ್ರಾಂಕು ಮುಂದಕ್ಕೆ ಚಾಚಿ ನೆಲಕ್ಕೆ ಸಮಾಂತರವಾಗಿರುವಾಗ ತುಳಿತವು ಅತ್ಯಂತ ಬಲವಾಗಿರುವುದು. ಆಗ ಅಚ್ಚಿನ ಮೇಲ್ಗಡೆಗೆ ಶಾಯಿಯಿಂದ ಗುರುತು ಮಾಡಿದೆವೆನ್ನೋಣ. ಕ್ರಾಂಕು ಕೆಳಕ್ಕೆ ಬಂದಾಗ ಆ ಗುರುತು ಮುಂದಕ್ಕೆ ಮುಖ ಮಾಡಿರುವುದು, ಹಿಂದಕ್ಕೆ ಹೋದಾಗ ಕೆಳಕ್ಕೆ. ಆ ಸ್ಥಾನಗಳಲ್ಲಿ ಭಾರವಿಲ್ಲ. ಮತ್ತೆ ಭಾರ ಬೀಳುವ ಹೊತ್ತಿಗೆ ಗುರುತು ಮರಳಿ ಮೇಲಕ್ಕೆ ಬಂದಿರುವುದು. ಹೀಗೆ ಲಕ್ಷಾಂತರ ತುಳಿತಗಳೂ ಅಚ್ಚಿನ ಒಂದೇ ಪಾರ್ಶ್ವಕ್ಕೆ ಬೀಳುವುವು. ಪೆಡಲಿನ ಒಡಲಿನ ಕಥೆಯೂ ಇದೇ: ಅದು ನೆಲಕ್ಕೆ ಸಮನಾಗಿಯೇ ಇರುವುದರಿಂದ ಅದರ ಬಟ್ಟಲಿನ ಮೇಲಿನ ಕಮಾನೇ ಸದಾ ಭಾರವನ್ನು ಹೊರುವುದು. ತಾತನ ರಬ್ಬರ್ ಪೆಡಲಿಗೆ ಎರಡು ಮುಖಗಳಿದ್ದು ಕಾಲಿಟ್ಟಾಗಲೆಲ್ಲ ಯಾವುದೋ ಒಂದು ಮುಖ ಮೇಲೆ ಬರುವುದರಿಂದ ಸವೆತವು ಎರಡು ಕಡೆಗೂ ಹಂಚಿಹೋಗುವುದು. ಒಂದೇ ಮುಖದ ಪಂದ್ಯದ ಪೆಡಲಿಗೆ ಈ ಅನುಕೂಲವಿಲ್ಲ. ತಾತನ ಪೆಡಲು ಬಿಚ್ಚಿ, ತೊಳೆದು, ಗುಂಡು ಬದಲಾಯಿಸಲು ಸುಲಭವಾಗಿತ್ತೆಂಬುದನ್ನೂ ಮರೆಯುವಂತಿಲ್ಲ. ಅದರ ದೀರ್ಘಾಯುಸ್ಸಿನಲ್ಲಿ ಸೈಕಲ್ ಷಾಪಿನವನ ಪಾಲೂ ಇದೆ.

ಇನ್ನು ಬೇರಿಂಗು ಪೂರ್ತಿ ಹಿಡಿದುಕೊಂಡರೆ ಒದಗುವ ಅಪಾಯವನ್ನು ತಿಳಿಯಬೇಕಾದರೆ ಒಂದು ಚಿಕ್ಕ ಒಗಟನ್ನು ಬಿಡಿಸಬೇಕು. ಬಲಗಡೆಯ ಪೆಡಲಿನ ತಿರುಪು ಸಾಮಾನ್ಯವಾದದ್ದು. ಎಡಗಡೆಯದಕ್ಕೆ ಮಾತ್ರ ತಿರುಪಿನ ಸುತ್ತು ತಿರುವುಮುರುವು. ವಿಮಾನದಿಂದ ಲೋಕಪ್ರಸಿದ್ಧರಾದ ರೈಟ್ ಸಹೋದರರು ಕೂಡ ೧೯೦೦ರ ಸುಮಾರಿಗೆ ತಮ್ಮ ಸೈಕಲ್ಲುಗಳಿಗೆ ಇಂಥ ಪೆಡಲುಗಳನ್ನು ಹಾಕಿದರು. ಬಲಗಡೆ ನಿಂತು ನೋಡಿದರೆ ಕ್ರಾಂಕು ಗಡಿಯಾರದ ಮುಳ್ಳಿನಂತೆ ತಿರುಗುವುದು. ಕ್ರಾಂಕನ್ನು ಕುರಿತು ನೋಡಿದರೆ ಪೆಡಲು ಅದಕ್ಕೆ ವಿರುದ್ಧವಾಗಿ ತಿರುಗುವುದು. ಬೇರಿಂಗಿನ ಘರ್ಷಣೆಯು ಅಚ್ಚನ್ನು ತನ್ನೊಡನೆ ಎಳೆದರೆ ತಿರುಪು ಸಡಿಲವಾಗಬೇಕು! ಹಾಗಿದ್ದೂ ಈ ಏರ್ಪಾಡನ್ನೇ ಆರಿಸಿಕೊಂಡಿರುವುದೇಕೆ?

ಎಡಗೈ ಮುಷ್ಟಿಯಲ್ಲಿ ಒಂದು ಪೆನ್ಸಿಲನ್ನು ಸಡಿಲವಾಗಿ ಹಿಡಿಯಿರಿ. ಹೊರಗೆ ಚಾಚಿದ ಅದರ ತುದಿಯನ್ನು ಬಲಗೈ ಬೆರಳಿನಿಂದ ಒತ್ತುತ್ತ ವೃತ್ತಾಕಾರವಾಗಿ ಸುತ್ತಿಸಿರಿ. ಪೆನ್ಸಿಲು ತನ್ನ ಅಕ್ಷದ ಮೇಲೆ ವಿರುದ್ಧ ದಿಕ್ಕಿಗೆ ಮೆಲ್ಲಗೆ ತಿರುಗುವುದು ಕಾಣುವುದು. ಪೆಡಲಿನ ಅಚ್ಚಿಗೂ ಕ್ರಾಂಕಿನ ತೂತಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಂದಿರುವುದು. ಸುತ್ತುವ ಭಾರವು ಅಚ್ಚನ್ನು ಆ ತೂತಿನ ಒಳಗೋಡೆಯ ಮೇಲೆ ಉರುಳಿಸಿ ಬಿಗಿಯಾಗುವ ದಿಕ್ಕಿಗೆ ತಿರುಗಿಸುತ್ತಿರುವುದು. ಚೆನ್ನಾಗಿರುವ ಬೇರಿಂಗಿನ ಘರ್ಷಣೆ ಅತ್ಯಲ್ಪವಾದುದರಿಂದ ಈ ಉರುಳುವಿಕೆಯೇ ಗೆಲ್ಲುವುದು. ಆದರೆ ಬೇರಿಂಗು ತುಕ್ಕು ಹಿಡಿದು ಕಚ್ಚಿಕೊಂಡಾಗ ಸಮತೋಲನವು ತಲೆಕೆಳಗಾಗುವುದು. ಕಾಲಿನ ಬಲವೆಲ್ಲ ಅಚ್ಚನ್ನು ಹಿಡಿದು ತಿರುಚಿ, ಸವಾರನೇ ತನ್ನ ಪೆಡಲನ್ನು ಬಿಚ್ಚಿಕೊಂಡಂತಾಗುವುದು. ಅರ್ಧ ಬಿಚ್ಚಿದ ಅಚ್ಚು ಅಲ್ಯೂಮಿನಿಯಂ ಕ್ರಾಂಕಿನ ತಿರುಪನ್ನು ಕಿತ್ತುಹಾಕುವುದು. ಬೂಟು ಪೆಡಲಿಗೆ ಅಂಟಿಕೊಂಡಿರುವಾಗಲೇ ಪೆಡಲು ಸೈಕಲ್ಲನ್ನು ತೊರೆಯುವುದು. ಅರೆಯುವ ಶಬ್ದವು ನಿಂತು ಪೆಡಲು ಬಿಗಿಯಾಗುತ್ತ ಬಂದರೆ ರೋಗ ವಾಸಿಯಾಯಿತೆಂದು ತಿಳಿಯಬಾರದು.

ಅಚ್ಚು ಮುರಿಯುವುದು ಇದಕ್ಕಿಂತ ಅಪರೂಪ. ರೈಲ್ವೆ ಅಚ್ಚುಗಳು ಹೊರಬಲ್ಲ ಭಾರಕ್ಕಿಂತ ಕಡಿಮೆ ಭಾರದಲ್ಲಿಯೇ ಮುರಿಯುವುದನ್ನು ಕಂಡು ಜರ್ಮನಿಯ ಆಗಸ್ಟ್ ವೋಲರ್ ೧೮೫೦ರ ದಶಕದಿಂದ ಮಾಡಿದ ಪ್ರಯೋಗಗಳು ಇಲ್ಲಿಯೂ ಅನ್ವಯಿಸುವುವು: ಒಂದು ಮಿತಿಯೊಳಗೆ ಭಾರವಿದ್ದರೆ ಉಕ್ಕು ಎಷ್ಟು ಸಲ ಬಾಗಿದರೂ ಮುರಿಯದು. ಪೆಡಲಿನ ಉಕ್ಕಿನ ಅಚ್ಚನ್ನು ಆ ಮಿತಿಯೊಳಗಿರುವಂತೆಯೇ ಮಾಡಿರುವರು. ಹಗುರವಾಗಲೆಂದು ಟೈಟೇನಿಯಂ ಅಚ್ಚನ್ನು ಹಾಕಿದ ಪೆಡಲುಗಳಿಗೆ ಕೆಲವು ತಯಾರಕರು ಸವಾರನ ತೂಕದ ಮಿತಿಯನ್ನು ಮುದ್ರಿಸಿರುವರು. ತೂಕದ ಮಾತು ನಿಜವಾಗಿ ಸಲ್ಲುವುದು ಅಲ್ಲಿ. ಕ್ಲೀಟಿನ ವಿಚಾರ ಬೇರೆ. ರಸ್ತೆ ಸೈಕಲ್ಲಿನ ಪ್ಲಾಸ್ಟಿಕ್ ಕ್ಲೀಟು ಸವೆದುಹೋಗಲೆಂದೇ ಇರುವಂಥದು. ಬೂಟು ತೊಟ್ಟು ನೆಲದ ಮೇಲೆ ನಡೆದಾಡಿದಷ್ಟೂ ಅದರ ಆಯುಸ್ಸು ಕಡಿಮೆ. ಸವೆದ ಕ್ಲೀಟು ಅನಿರೀಕ್ಷಿತವಾಗಿ ಕಳಚಿಕೊಳ್ಳುವುದರಿಂದ ಅದನ್ನು ಕಾಲಕಾಲಕ್ಕೆ ಬದಲಾಯಿಸುವುದರಲ್ಲಿ ಜಿಪುಣತನ ಸಲ್ಲದು.

ನಮ್ಮ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟು: ಎಡಗಡೆಯದನ್ನು ತೊಳೆದು ಹೊಸ ಗ್ರೀಸು ತುಂಬಿ ಬಳಸಬಹುದು, ಬಲಗಡೆಯದಕ್ಕೆ ಕೋನು ಗುಂಡುಗಳ ಸಹಿತ ಹೊಸ ಅಚ್ಚು ಬೇಕು, ಅಲ್ಲಿಯವರೆಗೆ ಅದರ ಮೇಲೆ ಕಾಲಿಡಕೂಡದು. ಅಚ್ಚು ಬರಲು ಮೂರು ವಾರ ಹಿಡಿಯಿತು. ಅದನ್ನು ಕೂಡಿಸಿದ ಸಂಜೆ ಪೆಡಲನ್ನು ಬೆರಳಿನಿಂದ ತಿರುಗಿಸಿ ನೋಡಿ ಅವನು ಮತ್ತೆ ಕಳವಳಗೊಂಡನು. ಅರ್ಧ ಸುತ್ತು ತಿರುಗಿ ಅದು ನಿಂತುಬಿಟ್ಟಿತ್ತು. ಹಳೆಯದು ಕೊಂಡ ಆರು ತಿಂಗಳ ಮೇಲೆ ಗಿರ್ರನೆ ಹತ್ತು ಸುತ್ತು ತಿರುಗುತ್ತಿದ್ದುದು ಅವನ ನೆನಪಿನಲ್ಲಿತ್ತು. ಗ್ರೀಸು ತುಂಬಿ ಸೀಲು ಬಿಗಿಯಾಗಿರುವ ಪೆಡಲು ಮೆತ್ತಗೆ ತಿರುಗಿ ನಿಲ್ಲುವುದು. ಗಿರ್ರನೆ ತಿರುಗಿದ್ದು ಒಳಗೆ ಗ್ರೀಸು ಬರಿದಾಗುತ್ತ ಬಂದಿದ್ದುದರಿಂದ. ಪೆಡಲನ್ನು ಪರೀಕ್ಷಿಸಬೇಕಾದರೆ ಅದನ್ನು ತಿರುಗಿಸಿ ಸುತ್ತುಗಳನ್ನು ಎಣಿಸಬಾರದು. ಕ್ರಾಂಕನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ಪೆಡಲನ್ನು ಮೇಲಕ್ಕೂ ಕೆಳಕ್ಕೂ ಅಲುಗಿಸಬೇಕು. ಅವನು ಅಲುಗಿಸಿ ನೋಡಿದನು. ಸಡಿಲವೂ ಇರಲಿಲ್ಲ, ಸದ್ದೂ ಇರಲಿಲ್ಲ. ಹಳೆಯ ಕೋನು ಈಗ ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿ, ಗುಳಿಬಿದ್ದ ಪಕ್ಕವನ್ನು ಮುಂದಕ್ಕೆ ಮಾಡಿಕೊಂಡು ಕುಳಿತಿದೆ.